ಮುಹಮ್ಮದ್ ಅಲಿ: ಗೆದ್ದದ್ದೆಷ್ಟು, ತೆತ್ತದ್ದೆಷ್ಟು?

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರ. 1954ರಲ್ಲಿ ಅಲ್ಲಿ 12 ವರ್ಷದ ಹುಡುಗನೊಬ್ಬನ ಸೈಕಲ್ ಕಳುವಾಯಿತು. ಕದ್ದವನು ಸಿಕ್ಕರೆ ಚೆನ್ನಾಗಿ ಬಾರಿಸುತ್ತೇನೆ ಎಂದು ಕೂಗಾಡಿದ ಹುಡುಗನಿಗೆ ಪೊಲೀಸ್ ಅಧಿಕಾರಿ ಜೋ ಮಾರ್ಟಿನ್, 'ಮೊದಲು ಹೊಡೆದಾಡುವುದನ್ನು ಕಲಿ' ಎಂಬರ್ಥದ ಮಾತು ಹೇಳಿದರು. ಮಾರ್ಟಿನ್ ಬಿಡುವಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಆ ಹುಡುಗನೇ ಕ್ಯಾಸಿಯಸ್ ಕ್ಲೇ, ಮುಂದೆ ಮುಹಮ್ಮದ್ ಅಲಿ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. 1964ರ ಫೆಬ್ರವರಿಯಲ್ಲಿ, 22ನೇ ವಯಸ್ಸಿಗೆ, ಸೋನಿ ಲಿಸ್ಟನ್‌ರನ್ನು ಮಣಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದರು. ಗೆಲ್ಲುತ್ತಾರೆಂದು ನಂಬಿದ್ದವರು ಬೆರಳೆಣಿಕೆಯಷ್ಟು ಮಂದಿ. ಅಲಿ ಕೈಗಳನ್ನು ಕೆಳಗೆ ಬಿಟ್ಟು, ಗುದ್ದು ಬಂದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಾವ ಗುರುವೂ ಹೀಗೆ ಕಲಿಸುವುದಿಲ್ಲ. ಕಾಲಿನ ವೇಗ ಇರುವತನಕ ಮಾತ್ರ ನಡೆಯುವ ಆಟ ಅದು.

ಆ ವೇಗ ಉತ್ತುಂಗದಲ್ಲಿದ್ದಾಗಲೇ ಅಡ್ಡಿ ಎದುರಾಯಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಯುವಕರಿಗೆ ಸೇನೆಗೆ ಸೇರುವಂತೆ ಕಡ್ಡಾಯ ಕರೆ ಬರುತ್ತಿತ್ತು. ಇಸ್ಲಾಂ ಸ್ವೀಕರಿಸಿದ್ದ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ, ಧರ್ಮದ ಕಾರಣ ನೀಡಿ, ಸೇನೆ ಸೇರಲು ಒಪ್ಪಲಿಲ್ಲ. ಪ್ರಶಸ್ತಿ ಹೋಯಿತು, ಆಡುವ ಪರವಾನಗಿಯೂ ಹೋಯಿತು. ಐದು ವರ್ಷ ಜೈಲು, 10 ಸಾವಿರ ಡಾಲರ್ ದಂಡದ ತೀರ್ಪು ಬಂತು. ಮೇಲ್ಮನವಿ ಇದ್ದುದರಿಂದ ಜೈಲಿಗೆ ಹೋಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದುಮಾಡಿತು. ಆದರೆ 25ರಿಂದ 28ರ ಪ್ರಾಯದ ಮೂರೂವರೆ ವರ್ಷವನ್ನು ಯಾವ ಕೋರ್ಟೂ ಮರಳಿ ಕೊಡಲಾರದು.

1970ರಲ್ಲಿ ರಿಂಗ್‌ಗೆ ಮರಳಿದ ಅಲಿ ಬೇರೆಯೇ ಆಟಗಾರ. ಕಾಲು ಮೊದಲಿನಂತೆ ಓಡುತ್ತಿರಲಿಲ್ಲ. 1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್ ಎದುರು ಮೊದಲ ಸೋಲು. ಆಗ ಹೊಸ ದಾರಿ ಹುಡುಕಬೇಕಾಯಿತು. 1974ರ ಅಕ್ಟೋಬರ್ 30ರಂದು ಜೈರ್ ದೇಶದ ಕಿನ್ಶಾಸಾದಲ್ಲಿ ಎದುರಾಳಿ ಜಾರ್ಜ್ ಫೋರ್‌ಮನ್. ಅವರಿಗೆ 25, ಅಲಿಗೆ 32. ಫ್ರೇಜಿಯರ್‌ರನ್ನು ಎರಡೇ ಸುತ್ತಿನಲ್ಲಿ ಮುಗಿಸಿದ್ದ ಫೋರ್‌ಮನ್ ಅಜೇಯರಾಗಿದ್ದರು. ಅಲಿ ಎರಡನೇ ಸುತ್ತಿನಿಂದಲೇ ಹಗ್ಗಕ್ಕೆ ಒರಗಿ, ಮುಖ ಮುಚ್ಚಿಕೊಂಡು ನಿಂತುಬಿಟ್ಟರು. ಗುದ್ದುಗಳು ತೋಳಿಗೆ, ಪಕ್ಕೆಗೆ ಬೀಳುತ್ತಿದ್ದವು. ಅವುಗಳ ಜೋರನ್ನು ಹಗ್ಗವೂ ಸ್ವಲ್ಪ ಹೀರಿಕೊಳ್ಳುತ್ತಿತ್ತು. ಸೆಕೆಯಲ್ಲಿ ಗುದ್ದಿ ಗುದ್ದಿ ಫೋರ್‌ಮನ್ ಸುಸ್ತಾದರು. ಎಂಟನೇ ಸುತ್ತಿನಲ್ಲಿ ಅಲಿಯ ಬಲಗೈ ಅವರನ್ನು ಕೆಡವಿತು.

ಇದನ್ನು ಜಾಣತನ ಎಂದು ಎಲ್ಲರೂ ಹೊಗಳುತ್ತಾರೆ. ಏಟು ತಿಂದೇ ಗೆಲ್ಲುವ ಜಾಣತನ ಅದು ಎಂಬುದನ್ನು ಮರೆಯುವವರೇ ಹೆಚ್ಚು. 1975ರಲ್ಲಿ ಮನಿಲಾ ಬಳಿ ಫ್ರೇಜಿಯರ್ ವಿರುದ್ಧ 14 ಸುತ್ತು ನಡೆಯಿತು. ಕಣ್ಣು ಮುಚ್ಚಿಹೋಗುವಷ್ಟು ಬಾತಿದ್ದ ಫ್ರೇಜಿಯರ್‌ರನ್ನು ಅವರ ತರಬೇತುದಾರರೇ ಕೊನೆಯ ಸುತ್ತಿಗೆ ಬಿಡಲಿಲ್ಲ. ಗೆದ್ದ ಅಲಿಯೂ ಬಸವಳಿದಿದ್ದರು. 1977ರಲ್ಲಿ ಅವರ ವೈದ್ಯ ಫರ್ಡಿ ಪಚೆಕೊ ನಿವೃತ್ತಿಗೆ ಒತ್ತಾಯಿಸಿದರು. ಅಲಿ ಕೇಳಲಿಲ್ಲ, ವೈದ್ಯರೇ ಬಿಟ್ಟುಹೋದರು. 1978ರಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಅದೇ ವರ್ಷ ಅವರನ್ನೇ ಸೋಲಿಸಿ ಮೂರನೇ ಬಾರಿ ಚಾಂಪಿಯನ್ ಆದದ್ದೇ ಕೊನೆಯ ಸಂಭ್ರಮ. ಒಟ್ಟು 61 ಪಂದ್ಯ, 56 ಗೆಲುವು, ಐದು ಸೋಲು. ಆ ಐದರಲ್ಲಿ ಮೂರು ಸೋಲು ಬಂದದ್ದು ಕೊನೆಯ ನಾಲ್ಕು ಪಂದ್ಯಗಳಲ್ಲಿ.

1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಸದಾ ಚಟಪಟ ಮಾತಾಡುತ್ತಿದ್ದ ಬಾಯಿ ನಿಧಾನವಾಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಬೆಳಗಿಸಲು ಬಂದಾಗ ಅವರ ಎಡಗೈ ನಡುಗುತ್ತಿದ್ದುದನ್ನು ಜಗತ್ತೇ ನೋಡಿತು. 2016ರ ಜೂನ್ 3ರಂದು, 74ನೇ ವಯಸ್ಸಿನಲ್ಲಿ, ಅರಿಜೋನಾದಲ್ಲಿ ತೀರಿಕೊಂಡ ಅಲಿಯನ್ನು ಹುಟ್ಟೂರು ಲೂಯಿವಿಲ್‌ನಲ್ಲೇ ಮಣ್ಣು ಮಾಡಲಾಯಿತು.