ಟಾಂಗಾ ಓಡಿಸಿದವರು ಯಾರು?

ಸಿನಿಮಾ ನೋಡಿ ಬಂದ ಮೇಲೆ ನಮ್ಮ ಚರ್ಚೆಯೆಲ್ಲ ಹೀರೋನ ಹೊಡೆದಾಟದ್ದೇ. ಹೆಣ್ಣಿನ ಪಾಲಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. 1935ರಲ್ಲಿ ಮುಂಬಯಿಯ ವಾಡಿಯಾ ಮೂವೀಟೋನ್ ತೆಗೆದ ‘ಹಂಟರ್‌ವಾಲಿ’ಯಲ್ಲಿ ನಾಡಿಯಾ ಚಾಟಿ ಹಿಡಿದು ಖಳರನ್ನು ಬಗ್ಗುಬಡಿದರು, ಸಾಹಸಗಳನ್ನೂ ತಾವೇ ಮಾಡಿದರು.

40 ವರ್ಷಗಳ ನಂತರ, 1975ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ಬಂತು. ಬಸಂತಿ ಟಾಂಗಾ ಓಡಿಸಿ ದುಡಿಯುವವಳು. ಡಕಾಯಿತರಿಗೂ ಸುಲಭಕ್ಕೆ ಸಿಗಲಿಲ್ಲ. ಆದರೆ ಸಿಕ್ಕ ಮೇಲೆ? ವೀರೂನ ಪ್ರಾಣಕ್ಕಾಗಿ ಕುಣಿಯೋದೇ ಅವಳ ಕೆಲಸವಾಯ್ತು. ಬಿಡಿಸೋಕೆ ಜಯ್ ಬರಬೇಕಾಯ್ತು. ಆ ಟಾಂಗಾ ಓಟದಲ್ಲಿ ಹೇಮಾಮಾಲಿನಿಗೆ ಬದಲಿಯಾಗಿ ಅಪಾಯದ ದೃಶ್ಯಗಳನ್ನು ಮಾಡಿದವರು ರೇಷ್ಮಾ ಪಠಾಣ್ ಎಂಬ ಹೆಣ್ಣುಮಗಳೇ. ಧೈರ್ಯವಂತೆಯರು ಆಗಲೂ ಇದ್ದರು. ಅವರಿಗೊಪ್ಪುವ ಪಾತ್ರ ಬರೆಯೋರು ಬೇಕಿತ್ತು.

ಮುಂದಿನ ಸಲ ಸೀಟಿ ಹೊಡೆಯೋ ಮುಂಚೆ ಈ ಲೆಕ್ಕ ನೆನಪಿರಲಿ, ಗೆಳೆಯರೇ.