ಒಂದು ಬಿಂದು, ಒಂದು ಇಳಿಜಾರು: ಇಷ್ಟಿದ್ದರೆ ರೇಖೆ ಸಿದ್ಧ

ಆನವಟ್ಟಿ: ಕೆರೆಗಳು ಹೇರಳವಾಗಿರುವ ಸೊರಬ ತಾಲ್ಲೂಕಿನಲ್ಲಿ ತೂಬಿನಿಂದ ಗದ್ದೆಗೆ ಕಾಲುವೆ ತೆಗೆಯುವುದು ಹೊಸ ಸಂಗತಿಯಲ್ಲ. ಕಾಲುವೆಯ ತಳ ಎಷ್ಟು ಇಳಿಯಬೇಕೆಂಬ ಲೆಕ್ಕ ತಪ್ಪಿದರೆ ಅಗೆದ ಕೂಲಿಯೂ ವ್ಯರ್ಥ, ಕೊನೆಯ ಗದ್ದೆಗೆ ನೀರೂ ಇಲ್ಲ. ಪ್ರಥಮ ಪಿಯುಸಿ ಗಣಿತದ ‘ಸರಳ ರೇಖೆಗಳು’ ಅಧ್ಯಾಯದಲ್ಲಿರುವ ಒಂದು ಸೂತ್ರ ಇದೇ ಲೆಕ್ಕವನ್ನು ಮಾಡಿಕೊಡುತ್ತದೆ.

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಕಲಿತು, ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿಯುವ ವಿದ್ಯಾರ್ಥಿಗಳಿಗೆ ‘ಪಾಯಿಂಟ್-ಸ್ಲೋಪ್ ಫಾರ್ಮ್’ ಎಂಬ ಹೆಸರೇ ತೊಡಕಾಗುವುದುಂಟು. ಹೆಸರನ್ನು ಬಿಡಿಸಿದರೆ ಅರ್ಥ ಅದರಲ್ಲೇ ಇದೆ: ರೇಖೆಯ ಮೇಲಿನ ಒಂದು ಬಿಂದು ಮತ್ತು ಅದರ ಇಳಿಜಾರು.

ಸೂತ್ರ ಏನು ಹೇಳುತ್ತದೆ?

ಸರಳ ರೇಖೆಯಲ್ಲಿ ಇಳಿಜಾರು ಎಲ್ಲೆಡೆ ಒಂದೇ. ಆದ್ದರಿಂದ ಯಾವುದೇ ಎರಡು ಬಿಂದುಗಳ ನಡುವೆ ಎತ್ತರದ ವ್ಯತ್ಯಾಸವು, ಇಳಿಜಾರನ್ನು ದೂರದ ವ್ಯತ್ಯಾಸದಿಂದ ಗುಣಿಸಿದಷ್ಟೇ ಇರುತ್ತದೆ. ಇದನ್ನೇ ಸಂಕೇತಗಳಲ್ಲಿ ಹೀಗೆ ಬರೆಯಲಾಗುತ್ತದೆ:

ವೈ − ವೈ1 = ಎಂ (ಎಕ್ಸ್ − ಎಕ್ಸ್1)

ಎಕ್ಸ್1, ವೈ1 ಎಂಬುವು ಗೊತ್ತಿರುವ ಬಿಂದುವಿನ ನಿರ್ದೇಶಾಂಕಗಳು. ಎಂ ಎಂಬುದು ಇಳಿಜಾರು.

ಕಾಲುವೆಯ ಲೆಕ್ಕ

ತೂಬಿನಿಂದ 40 ಮೀಟರ್ ದೂರದಲ್ಲಿ ಕಾಲುವೆಯ ತಳ, ನೆಟ್ಟ ಗುರುತುಕಲ್ಲಿನ ಮಟ್ಟಕ್ಕಿಂತ 6 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಪ್ರತಿ 100 ಮೀಟರಿಗೆ ಅರ್ಧ ಮೀಟರ್ ಇಳಿಯಬೇಕು. ಇಳಿಯುತ್ತಿರುವುದರಿಂದ ಇಳಿಜಾರು ಋಣಾತ್ಮಕ, ಅಂದರೆ −0.005. ಸಮೀಕರಣ:

ವೈ − 6 = −0.005 (ಎಕ್ಸ್ − 40)

240 ಮೀಟರ್ ದೂರದಲ್ಲಿ ತಳ ಎಲ್ಲಿರುತ್ತದೆ? ದೂರದ ವ್ಯತ್ಯಾಸ 200. ಅದನ್ನು −0.005ರಿಂದ ಗುಣಿಸಿದರೆ −1. ಆರರಲ್ಲಿ ಒಂದು ಕಳೆದರೆ 5 ಮೀಟರ್. ಅಲ್ಲಿನ ಗದ್ದೆಯ ಮಟ್ಟ 4.8 ಮೀಟರ್ ಇದ್ದರೆ ನೀರು ತಾನಾಗಿ ಇಳಿಯುತ್ತದೆ. ಐದೂವರೆ ಮೀಟರ್ ಇದ್ದರೆ ಕಾಲುವೆಯ ತಳದಲ್ಲಿ ಹರಿಯುವ ನೀರು ಗದ್ದೆಗೆ ಏರದು. ಗುದ್ದಲಿ ಹಿಡಿಯುವ ಮೊದಲೇ ಈ ಸಂಗತಿ ತಿಳಿಯುತ್ತದೆ.

ಸಮೀಕರಣವನ್ನು ಬಿಡಿಸಿದರೆ ವೈ = −0.005ಎಕ್ಸ್ + 6.2 ಎಂದಾಗುತ್ತದೆ. ತೂಬಿನ ಬಳಿ ದೂರ ಸೊನ್ನೆಯಾದ್ದರಿಂದ ಅಲ್ಲಿನ ತಳ 6.2 ಮೀಟರ್ ಎಂಬುದೂ ಇದರಿಂದ ದೊರೆಯುತ್ತದೆ.

ಎಡವುವುದು ಎಲ್ಲಿ?

ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಚಿಹ್ನೆಯಲ್ಲಿ. ಮೇಲಿನ ಲೆಕ್ಕದಲ್ಲಿ ಋಣ ಚಿಹ್ನೆ ಮರೆತರೆ ಉತ್ತರ 7 ಮೀಟರ್ ಬರುತ್ತದೆ. ಕಾಲುವೆ ಗುಡ್ಡ ಹತ್ತಿದಂತಾಯಿತು! ಬಿಂದುವಿನ ನಿರ್ದೇಶಾಂಕವೇ −3 ಆಗಿದ್ದರೆ ಆವರಣದೊಳಗೆ ಎಕ್ಸ್ + 3 ಎಂದು ಬರೆಯಬೇಕು. ಇಳಿಜಾರಿನ ಬದಲು ಎರಡು ಬಿಂದುಗಳನ್ನು ಕೊಟ್ಟಿದ್ದರೆ, ಎತ್ತರದ ವ್ಯತ್ಯಾಸವನ್ನು ದೂರದ ವ್ಯತ್ಯಾಸದಿಂದ ಭಾಗಿಸಿ ಮೊದಲು ಇಳಿಜಾರನ್ನು ಪಡೆಯಬೇಕು. ಲಂಬ ರೇಖೆಗೆ ಮಾತ್ರ ಈ ಸೂತ್ರ ಸಲ್ಲದು. ಅಲ್ಲಿ ದೂರದ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು.

ಉತ್ತರ ಬಂದ ಮೇಲೆ ಗೊತ್ತಿರುವ ಬಿಂದುವನ್ನೇ ಸಮೀಕರಣಕ್ಕೆ ಹಾಕಿ ನೋಡುವುದು ಒಳ್ಳೆಯದು. ಎರಡೂ ಬದಿ ಸಮವಾಗದಿದ್ದರೆ ತಪ್ಪು ನುಸುಳಿದೆ ಎಂದೇ ಅರ್ಥ. ಪರೀಕ್ಷೆಯಲ್ಲಿ ಅದನ್ನು ತಿದ್ದಲು ಅರ್ಧ ನಿಮಿಷ ಸಾಕು. ಅಗೆದ ಕಾಲುವೆಯನ್ನು ತಿದ್ದಲು ದಿನಗಳೇ ಬೇಕು.