ಸ್ವೆಟರ್ ಅಲ್ಲ, ಅದರ ಲೆಕ್ಕ ಮಾರಿ

ಕೈಯಲ್ಲಿ ಒಂದು ಸ್ವೆಟರ್ ಹೆಣೆಯಲು ವಾರಗಟ್ಟಲೆ ಬೇಕು. ಅಷ್ಟು ಕೂಲಿ ಯಾವ ಗಿರಾಕಿಯಿಂದಲೂ ಗಿಟ್ಟುವುದಿಲ್ಲ. ಅದೇ ಸ್ವೆಟರಿನ ಪ್ಯಾಟರ್ನ್, ಅಂದರೆ ಹೆಣೆಯುವ ವಿಧಾನ, ಒಮ್ಮೆ ಬರೆದಿಟ್ಟರೆ ಎಷ್ಟು ಸಲ ಬೇಕಾದರೂ ಮಾರಬಹುದು. ಹವ್ಯಾಸ ವೃತ್ತಿಯಾಗುವುದು ಇಲ್ಲೇ. ಅಮೆರಿಕದ ಹೆಣಿಗೆ ವಿನ್ಯಾಸಕಿ ಎಲಿಜಬೆತ್ ಝಿಮ್ಮರ್‌ಮನ್ 1959ರಲ್ಲಿ ಶುರುಮಾಡಿದ ಸ್ಕೂಲ್‌ಹೌಸ್ ಪ್ರೆಸ್ ಪ್ಯಾಟರ್ನ್, ಪುಸ್ತಕಗಳ ಜೊತೆಗೆ ಉಣ್ಣೆ ದಾರವನ್ನೂ ಅಂಚೆಯಲ್ಲಿ ಮಾರಿತು.

ಪ್ಯಾಟರ್ನ್ ಪುಕ್ಕಟೆಯಾಗಿಯೇ ಸಿಗುತ್ತದಲ್ಲ ಎನ್ನಬಹುದು. ನಿಜ, ಆದರೆ ಜನ ದುಡ್ಡು ಕೊಡುವುದು ಚಿತ್ತಾರಕ್ಕಲ್ಲ, ತಪ್ಪದ ಲೆಕ್ಕಕ್ಕೆ. 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ 100 ಸೆಂಟಿಮೀಟರ್ ಎದೆ ಸುತ್ತಳತೆಗೆ 200. ಝಿಮ್ಮರ್‌ಮನ್ ಸೂತ್ರದಂತೆ ಮಣಿಕಟ್ಟಿಗೆ ಅದರಲ್ಲಿ ಶೇಕಡಾ 20, ಅಂದರೆ 40. ಈ ಲೆಕ್ಕ ಎಲ್ಲ ಅಳತೆಗೂ ಕೂರಬೇಕು. ಹಾಗಾಗಿ ಮಾರುವ ಮುಂಚೆ ಪ್ಯಾಟರ್ನನ್ನು ಬೇರೆಯವರ ಕೈಯಲ್ಲಿ ಹೆಣೆಸಿ ನೋಡಿ.